ಅಕ್ಕೋರ ಬದುಕನ್ನು ಮಕ್ಕಳಿಂದ ಬರೆಸಿದ್ದು

ಜನವರಿ 3 ಬಂತು ಅಂದ್ರೆ ಶಾಲೆಗಳಲ್ಲಿ ಸಾವಿತ್ರಿಬಾಯಿ ಫುಲೆ ಫೋಟೋಕ್ಕೆ ಹಾರ, ಒಂದೆರಡು ಭಾಷಣ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ, ದಾರಿಯಲ್ಲಿ ಸೆಗಣಿ ಎರಚಿದ್ದು, ಚೀಲದಲ್ಲಿ ಇನ್ನೊಂದು ಸೀರೆ. ಮಕ್ಕಳಿಗೆ ಇದೆಲ್ಲ ಬಾಯಿಪಾಠ. ನಾನು ಹುಬ್ಬಳ್ಳಿಯಲ್ಲಿ ಏಳನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂದು ವರ್ಷ ಭಾಷಣ ಬಿಟ್ಟು ಸುಮ್ನೆ ಕೇಳಿದೆ: ಸೀರೆ ಬದಲಿಸಿದ ಮೇಲೆ ಅವರು ಕ್ಲಾಸಿನಲ್ಲಿ ಏನು ಮಾಡಿರಬಹುದು? "ಹಾಜರಿ ತಗೊಂಡಿರ್ತಾರ್ರಿ" ಅಂದಳು ಹಿಂದಿನ ಬೆಂಚಿನ ಹುಡುಗಿ. ಎಲ್ಲರೂ ನಕ್ಕರು. ನಾನು ಆ ಉತ್ತರವನ್ನೇ ಹಿಡಿದುಕೊಂಡೆ. ಹಾಜರಿ ಅಂದ ಮೇಲೆ ಯಾರು ಬಂದರು, ಯಾರು ಬರಲಿಲ್ಲ, ಯಾಕೆ ಅನ್ನೋದೂ ಬರುತ್ತದೆ, ಅಲ್ವಾ?

ಹೀಗೇ ಅಕ್ಕೋರ, ಅಂದ್ರೆ ಶಿಕ್ಷಕಿಯರ, ಬದುಕನ್ನು ಮಕ್ಕಳಿಂದಲೇ ಬರೆಸೋಣ ಅನ್ನಿಸಿತು. ಮೊದಲು ನಮ್ಮೂರಿನವರನ್ನೇ ತೆಗೆದುಕೊಂಡೆವು: ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ. ಮಂಗಳೂರಲ್ಲಿ 1892ರಲ್ಲಿ ಹುಟ್ಟಿದವರು. ಗಂಡ ತೀರಿಕೊಂಡ ಮೇಲೆ ಮಾವನ ಜೊತೆ ಹುಬ್ಬಳ್ಳಿಗೆ ಬಂದು, ತಿಲಕ್ ಕನ್ಯಾಶಾಲೆಯ ಹೊಣೆ ಹೊತ್ತರು. ಓದಿಸಲು ಬೆನ್ನಿಗೆ ನಿಂತವರು ಮಾವ ಆನಂದರಾಯರೇ. 1932ರಲ್ಲಿ ಉಮಾಬಾಯಿಯವರನ್ನು ಯರವಡಾ ಜೈಲಿಗೆ ಹಾಕಿದರು. ಬ್ರಿಟಿಷ್ ಸರ್ಕಾರ ಶಾಲೆಗೂ ಬೀಗ ಜಡಿಯಿತು. ಮಕ್ಕಳು ಹೆಚ್ಚು ಹೊತ್ತು ಮಾತಾಡಿದ್ದು ಜೈಲಿನ ಬಗ್ಗೆ ಅಲ್ಲ. "ಬೀಗ ಹಾಕಿದ ಮ್ಯಾಲೆ ಆ ಹುಡುಗ್ಯಾರು ಎಲ್ಲಿಗೆ ಹೋದ್ರು?" ಅಂತ.

ಆಮೇಲೆ ಓಣಿಯಲ್ಲಿರುವ ನಿವೃತ್ತ ಅಕ್ಕೋರ ಹತ್ತಿರ ಕಳಿಸಿದೆ. ನಿಮ್ಮ ಅನುಭವ ಹೇಳಿ ಅಂತ ಕೇಳಿದರೆ ಎಲ್ಲರೂ "ಮಕ್ಕಳು ಭಾಳ ಛಲೋ ಇದ್ರು" ಅಂತಲೇ ಮುಗಿಸುತ್ತಾರೆ. ಅದಕ್ಕೆ ನಾನು ಬೇರೆ ಪ್ರಶ್ನೆ ಬರೆದುಕೊಟ್ಟೆ. ಮೊದಲ ಪಗಾರ ಯಾರ ಕೈಗೆ ಕೊಟ್ಟಿರಿ? ಹಳ್ಳಿಗೆ ವರ್ಗ ಆದಾಗ ಯಾರ ಮನೆಯಲ್ಲಿ ಇದ್ರಿ? ಹುಡುಗಿ ಸಾಲಿ ಬಿಟ್ಟರೆ ಏನು ಮಾಡಿದ್ರಿ? ಪಗಾರದ ಪ್ರಶ್ನೆ ಅಂತೂ ಯಾವ ಮನೆಯಲ್ಲೂ ಸೋಲಲಿಲ್ಲ.

ಒಬ್ಬರು ಎಂಬತ್ತು ದಾಟಿದ ಅಜ್ಜಿ. "ಮುಲ್ಕಿ ಪಾಸ್ ಆಗಿತ್ತವ್ವಾ, ನೌಕರಿ ಕೊಟ್ರು" ಅಂತ ಶುರು ಮಾಡಿದರು. ಮುಲ್ಕಿ ಅಂದ್ರೆ ಆಗಿನ ಏಳನೇ ತರಗತಿ ಪರೀಕ್ಷೆ. ಹತ್ತಿ ಬಿಡಿಸೋ ಕಾಲಕ್ಕೆ ಕ್ಲಾಸು ಅರ್ಧ ಖಾಲಿ. ತಾಯಂದಿರು ಹೊಲಕ್ಕೆ ಹೋದರೆ ದೊಡ್ಡ ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು. ಅಜ್ಜಿ ಮನೆಮನೆಗೆ ಹೋಗಿ, ಕೂಸನ್ನು ಎತ್ತಿಕೊಂಡೇ ಬರ್ರಿ ಅಂದರಂತೆ. ಮೂಲೆಯಲ್ಲಿ ಹಳೇ ಕೌದಿ ಹಾಸಿ ಕೂಸುಗಳನ್ನು ಮಲಗಿಸಿ ಲೆಕ್ಕ ಹೇಳಿಕೊಟ್ಟರು. ತಪಾಸಣೆಗೆ ಸಾಹೇಬರು ಬರುವ ದಿನ ಮಾತ್ರ ಕೌದಿ ಪಕ್ಕದ ಮನೆಗೆ! ಇದನ್ನು ಯಾವ ಸನ್ಮಾನ ಪತ್ರದಲ್ಲೂ ಬರೆಯುವುದಿಲ್ಲ. ಅಲ್ಲಿ ಬರೀ ತಾಳ್ಮೆ, ತ್ಯಾಗ ಅಂತ ಇರುತ್ತದೆ.

ಬರೆಸುವಾಗ ಒಂದು ನಿಯಮ ಇಟ್ಟೆ. 'ಮಹಾನ್', 'ತ್ಯಾಗಮಯಿ' ಬಂದರೆ ಗೆರೆ ಹೊಡೆದು, ಅಲ್ಲಿ ಅವರು ಮಾಡಿದ ಒಂದು ಕೆಲಸ ಬರೆಯಬೇಕು. ಹುಡುಗರು ಗೊಣಗಿದರು, ಆದರೂ ಬರೆದರು.

ನೀವೂ ಮಾಡಿಸುವುದಾದರೆ ಬೇಗ ಮಾಡಿಸಿ, ಆ ಪೀಳಿಗೆಯ ಅಕ್ಕೋರು ಈಗ ಜಾಸ್ತಿ ಉಳಿದಿಲ್ಲ. ಹಳೇ ಫೋಟೋ, ಆರ್ಡರ್ ಕಾಗದ ಕೊಟ್ಟರೆ ಮನೆಗೆ ತರಬೇಡಿ. ಅಲ್ಲೇ ಬೆಳಕಿಗೆ ಹಿಡಿದು ಮೊಬೈಲಲ್ಲಿ ಫೋಟೋ ತೆಗೆದು, ಅವರ ಕೈಗೇ ವಾಪಸ್ ಕೊಟ್ಟು ಬನ್ನಿ. ಬರೆದದ್ದನ್ನು ಗೋಡೆಗೆ ಅಂಟಿಸುವ ಮೊದಲು ಅವರಿಗೆ ಓದಿ ತೋರಿಸಿ. ನಮ್ಮ ಅಜ್ಜಿ ಓದಿಸಿಕೊಂಡು, ಕೌದಿಯ ಬಣ್ಣ ತಪ್ಪಾಗಿದೆ ಅಂತ ತಿದ್ದಿಸಿದರು.