ಹೆಸರು ಒಂದೇ ಸ್ವಿಫ್ಟ್, ಎಂಜಿನ್ ಐದು: ಸರ್ವಿಸ್ ಮಾಡುವ ನನ್ನ ಕ್ರಮ

ಸ್ವಿಫ್ಟ್‌ಗೆ ಆಯಿಲ್ ಫಿಲ್ಟರ್ ಕೊಡಿ ಅಂತ ಅಂಗಡಿಯಲ್ಲಿ ಕೇಳಿದರೆ ಸರಿಯಾದ ಫಿಲ್ಟರ್ ಸಿಗುವ ಖಾತ್ರಿ ಇಲ್ಲ. 2005ರ ಗಾಡಿಯಲ್ಲಿರುವುದು ಮಾರುತಿಯ ಹಳೇ ಎಸ್ಟೀಮ್ ಕಾರಿನ ಬಳಗದ 1.3 ಲೀಟರ್ ಜಿ13 ಪೆಟ್ರೋಲ್ ಎಂಜಿನ್. 2007ರಲ್ಲಿ ಫಿಯಟ್ ಮೂಲದ 1.3 ಡಿಡಿಐಎಸ್ ಡೀಸೆಲ್ ಸೇರಿತು. 2010ರಲ್ಲಿ 1.2 ಲೀಟರಿನ ಕೆ12ಎಂ ಬಂತು, 2021ರಲ್ಲಿ ಡ್ಯುಯಲ್‌ಜೆಟ್ ಕೆ12ಎನ್, 2024ರಲ್ಲಿ ಮೂರು ಸಿಲಿಂಡರಿನ ಝಡ್12ಇ. ಡೀಸೆಲ್ ಮಾತ್ರ 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ನಿಂತುಹೋಯಿತು. ಆದ್ದರಿಂದ ನಾನು ಬಿಡಿಭಾಗ ತರುವುದು ಗಾಡಿಯ ಹೆಸರು ಹೇಳಿ ಅಲ್ಲ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ತೋರಿಸಿ.

ಎಣ್ಣೆಯ ವಿಷಯದಲ್ಲಂತೂ ಇದು ಮುಖ್ಯ. ಡ್ಯುಯಲ್‌ಜೆಟ್ ಮತ್ತು ನಂತರದವಕ್ಕೆ 0ಡಬ್ಲ್ಯು ದರ್ಜೆಯ ತೆಳು ಎಣ್ಣೆ. ಕೆ12ಎಂಗೂ ಡೀಸೆಲ್‌ಗೂ ನಾನು 5ಡಬ್ಲ್ಯು-30 ಹಾಕುತ್ತೇನೆ, ಡೀಸೆಲ್‌ಗಾದರೆ ಡಬ್ಬಿಯ ಮೇಲೆ ಡೀಸೆಲ್ ದರ್ಜೆಯೂ ನಮೂದಾಗಿರಬೇಕು. "ಹಳೇ ಗಾಡಿ, ದಪ್ಪ ಎಣ್ಣೆ ಹಾಕಿ, ಸದ್ದು ಕಮ್ಮಿ ಆಗುತ್ತೆ" ಅನ್ನುವ ಸಲಹೆ ಗ್ಯಾರೇಜುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಸದ್ದು ಕಮ್ಮಿಯಾಗುವುದು ನಿಜ, ಆದರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎಣ್ಣೆ ಮೇಲಕ್ಕೆ ಏರುವುದೂ ತಡವಾಗುತ್ತದೆ.

ಬದಲಿಸುವ ಮುನ್ನ ಎಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸುತ್ತೇನೆ. ಎಣ್ಣೆ ಬೆಚ್ಚಗಿದ್ದರೆ ಸಾಕು, ಕೈ ಸುಡುವಷ್ಟು ಬೇಡ. ಗಾಡಿ ಸ್ಟ್ಯಾಂಡಿನ ಮೇಲೆ ಕೂತಿರಬೇಕು, ಬರೀ ಜ್ಯಾಕ್ ನಂಬಿ ಅಡಿಗೆ ನುಗ್ಗಬಾರದು. ಡ್ರೈನ್ ಬೋಲ್ಟ್‌ನ ವಾಷರ್ ಪ್ರತಿ ಸಲ ಹೊಸದು. ಪೆಟ್ರೋಲ್ ಎಂಜಿನ್‌ಗಳಲ್ಲಿ ಬೋಲ್ಟ್‌ನ ಬಿಗಿ ಸುಮಾರು 35 ನ್ಯೂಟನ್ ಮೀಟರ್. ಉದ್ದ ಹಿಡಿಯ ಸ್ಪ್ಯಾನರಿಗೆ ಮೈಭಾರ ಹಾಕಿದರೆ ಮುಂದಿನ ಸಲಕ್ಕೆ ಸಂಪಿನ (ಎಂಜಿನ್ ತಳದ ಎಣ್ಣೆ ತೊಟ್ಟಿಯ) ಥ್ರೆಡ್ ಹೋಗಿರುತ್ತದೆ.

ಪೆಟ್ರೋಲ್‌ನಲ್ಲಿ ಫಿಲ್ಟರ್ ಡಬ್ಬಿಯಂತೆ ತಿರುಗಿಸಿ ಬಿಗಿಯುವಂಥದ್ದು. ಹಳೆಯದನ್ನು ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗ್ ಫಿಲ್ಟರ್ ಜೊತೆಗೇ ಬಂದಿದೆಯೇ ನೋಡಿ. ಕೆಲವು ಸಲ ಅದು ಎಂಜಿನ್ ಮುಖಕ್ಕೇ ಅಂಟಿಕೊಂಡು ಉಳಿಯುತ್ತದೆ, ಕಪ್ಪು ಲೋಹದ ಮೇಲೆ ಕಪ್ಪು ರಬ್ಬರ್ ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಜಾರಿ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಎಣ್ಣೆಯೆಲ್ಲ ನೆಲದ ಮೇಲೆ. ಮುಖವನ್ನು ಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ನೋಡಿ, ಹೊಸ ರಿಂಗಿಗೆ ಎಣ್ಣೆ ಸವರಿ, ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಡೀಸೆಲ್‌ನಲ್ಲಿ ಫಿಲ್ಟರ್ ಎಂದರೆ ಗೂಡಿನೊಳಗೆ ಕೂರುವ ಕಾಗದದ ಎಲಿಮೆಂಟ್. ಮುಚ್ಚಳದ ಓ-ರಿಂಗ್ ಬದಲಿಸಲೇಬೇಕು, ಮುಚ್ಚಳವನ್ನು ಅತಿ ಬಿಗಿದರೆ ಸೀಳುತ್ತದೆ.

ಎಣ್ಣೆ ಹಿಡಿಯುವುದು ಎರಡರಲ್ಲೂ ಮೂರು ಲೀಟರಿನ ಆಸುಪಾಸು. ನಾನು ಮೊದಲು 2.8 ಲೀಟರ್ ಸುರಿದು, ಒಂದು ನಿಮಿಷ ಓಡಿಸಿ, ಅಡಿಯಲ್ಲಿ ಸೋರಿಕೆ ನೋಡಿ, ಐದು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ನೋಡುತ್ತ ಉಳಿದದ್ದನ್ನು ತುಂಬುತ್ತೇನೆ. ಮೇಲಿನ ಗೆರೆ ದಾಟಿಸುವುದು ಡೀಸೆಲ್‌ನಲ್ಲಿ ವಿಶೇಷವಾಗಿ ಕೆಟ್ಟದ್ದು: ಹೆಚ್ಚಿನ ಎಣ್ಣೆ ಬ್ರೀದರ್ (ಎಂಜಿನ್ನಿನ ಉಸಿರು ಕೊಳವೆ) ಮೂಲಕ ಗಾಳಿ ಎಳೆಯುವ ಇನ್‌ಟೇಕ್ ಸೇರಿದರೆ ಎಂಜಿನ್ ಅದನ್ನೇ ಉರಿಸಿಕೊಂಡು ಓಡತೊಡಗಬಹುದು, ಆಗ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಎಣ್ಣೆ ಬದಲಿಸಿದ ಮರುದಿನವೇ ಡೀಸೆಲ್‌ನ ಡಿಪ್‌ಸ್ಟಿಕ್ ಕಪ್ಪಗಿದ್ದರೆ ಗಾಬರಿ ಬೇಡ, ಅದು ಮಸಿ.

ಡಿಡಿಐಎಸ್‌ನ ಆಯುಷ್ಯ ನಿಂತಿರುವುದೇ ಈ ಎಣ್ಣೆಯ ಮೇಲೆ. ಇದರಲ್ಲಿ ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ಓಡಿಸಲು ಬೆಲ್ಟ್ ಬದಲು ಟೈಮಿಂಗ್ ಚೈನ್ ಇದೆ, ಹಾಗಾಗಿ ಅದರ ಗೋಜೇ ಇಲ್ಲ ಅಂದುಕೊಳ್ಳುವವರು ಬಹಳ. ಆದರೆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಎಣ್ಣೆಯ ಒತ್ತಡದಿಂದ. ಎಣ್ಣೆ ಕೊಳೆತು ಗಸಿಗಟ್ಟಿದರೆ, ಇಲ್ಲವೇ ಮಟ್ಟ ಇಳಿದರೆ, ಟೆನ್ಷನರ್ ಸಡಿಲ ಬಿಡುತ್ತದೆ. ಚೈನ್ ಸವೆದು ಉದ್ದವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟೈಮಿಂಗ್ ಕವರ್ ಕಡೆಯಿಂದ ಒಂದೆರಡು ಸೆಕೆಂಡ್ ಕರಕರ ಸದ್ದು ಬಂದರೆ ಅದೇ ಎಚ್ಚರಿಕೆ. ಆಗಲೇ ಚೈನ್, ಟೆನ್ಷನರ್, ಗೈಡ್ ಮೂರನ್ನೂ ಬದಲಿಸಿದರೆ ಖರ್ಚು ಅಲ್ಲಿಗೇ ಮುಗಿಯುತ್ತದೆ. ಚೈನ್ ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಹೆಡ್ ಬಿಚ್ಚಬೇಕಾಗುತ್ತದೆ. ಮ್ಯಾನ್ಯುಯಲ್ 10,000 ಕಿ.ಮೀ. ಅನ್ನುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡುವ ಡೀಸೆಲ್‌ಗೆ ನಾನು 7,500 ದಾಟಲು ಬಿಡುವುದಿಲ್ಲ, ಗಂಟೆಗಟ್ಟಲೆ ನಿಂತು ಓಡಿದ ಎಂಜಿನ್ನಿನ ದುಡಿಮೆ ಕಿಲೋಮೀಟರಿನಲ್ಲಿ ಕಾಣುವುದಿಲ್ಲ.

ಡೀಸೆಲ್ ಫಿಲ್ಟರ್‌ನ ತಳದ ಸ್ಕ್ರೂ ಸಡಿಲಿಸಿ ನೀರು ತೆಗೆಯುವುದನ್ನು ಪ್ರತಿ ಆಯಿಲ್ ಚೇಂಜ್ ಜೊತೆ ಮಾಡುತ್ತೇನೆ. ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಟ್ಟರೆ ನೀರು ಅಡಿಗೆ ಇಳಿದು ಗೆರೆ ಸ್ಪಷ್ಟ ಕಾಣುತ್ತದೆ. ಫಿಲ್ಟರ್ 20,000ಕ್ಕೊಮ್ಮೆ ಹೊಸದು. ಇಂಜೆಕ್ಟರುಗಳಿಗೆಲ್ಲ ಡೀಸೆಲ್ ಹಂಚುವ ಕಾಮನ್ ರೈಲ್ ಕೊಳವೆಯಲ್ಲಿ ಒತ್ತಡ 1,000 ಬಾರ್‌ಗೂ ಮೀರುತ್ತದೆ, ಇಂಜೆಕ್ಟರಿನ ಸಂದುಗಳು ತೀರಾ ಸಣ್ಣವು. ನೀರು, ಕಸ ಎರಡೂ ಅಲ್ಲಿ ಉಳಿಗಾಲ ಕೊಡವು. ಬದಲಿಸಿದ ಮೇಲೆ ಗಾಳಿ ತೆಗೆಯಲು ಕೀ ಆನ್ ಮಾಡಿ ಕೆಲವು ಸೆಕೆಂಡ್ ಬಿಟ್ಟು ಆಫ್, ಹೀಗೆ ನಾಲ್ಕೈದು ಸಲ. ಕೈಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ. ಹಳೇ ಲಾರಿಗಳಲ್ಲಿ ಮಾಡುವಂತೆ ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಇನ್ನೊಂದು ಮಾತು: ಸ್ವಿಫ್ಟ್ ಡೀಸೆಲ್‌ನಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇಲ್ಲ. ಅದು ಇರುವ ಬೇರೆ ಬಿಎಸ್6 ಡೀಸೆಲ್ ಸಣ್ಣ ಕಾರುಗಳಿಗೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಅಂಥ ಗಾಡಿಯಲ್ಲಿ ಎಣ್ಣೆಯ ಮಟ್ಟ ತಾನಾಗಿ ಏರುತ್ತಿದ್ದರೆ, ರೀಜನರೇಷನ್ (ಫಿಲ್ಟರಿನ ಮಸಿಯನ್ನು ಸುಡುವ ಕೆಲಸ) ಅರ್ಧಕ್ಕೇ ನಿಂತು ಡೀಸೆಲ್ ಎಣ್ಣೆಗೆ ಇಳಿಯುತ್ತಿದೆ ಎಂದರ್ಥ.

ಪೆಟ್ರೋಲ್ ಕೆಲಸ ಇದಕ್ಕಿಂತ ಹಗುರ. ಜಿ13ರಲ್ಲಿ ಟೈಮಿಂಗ್ ಬೆಲ್ಟ್, 1,00,000 ಕಿ.ಮೀ.ಗೆ ಬದಲು, ವರ್ಷಗಳೇ ಕಳೆದ ಗಾಡಿ ಕೊಂಡವರು ದಾಖಲೆ ಇಲ್ಲದಿದ್ದರೆ ಮೊದಲೇ ಬದಲಿಸಿಬಿಡಿ, ಜೊತೆಗೆ ಟೆನ್ಷನರ್ ಬೇರಿಂಗ್. ಕೆ12ರಲ್ಲಿ ಚೈನ್. ಕೆ12ಎಂನ ಪ್ಲಗ್ 40,000ಕ್ಕೆ, ಎಂಜಿನ್ ಪೂರಾ ತಣಿದ ಮೇಲೆ. ಕಾಯಿಲ್ ತೆಗೆದ ಕೂಡಲೇ ಪ್ಲಗ್ ಕೂರುವ ಗುಂಡಿಯೊಳಗಿನ ಧೂಳನ್ನು ಗಾಳಿ ಹೊಡೆದು ತೆಗೆಯಬೇಕು, ಇಲ್ಲದಿದ್ದರೆ ಅದು ಸಿಲಿಂಡರಿಗೇ ಬೀಳುತ್ತದೆ. ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಹೋಗಿದೆ. ಹೊಸ ಪ್ಲಗ್ ಕೈಯಲ್ಲೇ ಪೂರ್ತಿ ಕೂತ ಮೇಲೆ ಅರ್ಧ ಸುತ್ತು. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಗಾಡಿಯಲ್ಲಿ ಕೀ ಆನ್ ಇದ್ದಾಗ ಥ್ರಾಟಲಿನ ಚಿಟ್ಟೆಯನ್ನು (ಗಾಳಿ ಬಿಡುವ ತಟ್ಟೆಯನ್ನು) ಬೆರಳಲ್ಲಿ ತಳ್ಳಿ ಸ್ವಚ್ಛ ಮಾಡಬೇಡಿ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು ಶುರುವಾಗುವ ಐಡಲ್ ಸ್ಟಾರ್ಟ್-ಸ್ಟಾಪ್ ಇರುವವಕ್ಕೆ ಸಾಮಾನ್ಯ ಬ್ಯಾಟರಿ ತಾಳುವುದಿಲ್ಲ, ಪದೇ ಪದೇ ಸ್ಟಾರ್ಟ್ ತಾಳುವ ಇಎಫ್‌ಬಿ ಬ್ಯಾಟರಿ ಬೇಕು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. 2023ಕ್ಕಿಂತ ಹಿಂದಿನ ಪೆಟ್ರೋಲ್ ಗಾಡಿಯಲ್ಲಿ ಪ್ರತಿ ಸರ್ವಿಸ್‌ಗೂ ಇಂಧನದ ರಬ್ಬರ್ ಪೈಪ್ ಬಾಗಿಸಿ ಬಿರುಕು ನೋಡುತ್ತೇನೆ.

ಕೂಲೆಂಟಿಗೆ ಬೋರ್‌ವೆಲ್ ನೀರು ಬೇಡವೇ ಬೇಡ. ಕೋಲಾರ, ಚಿಕ್ಕಬಳ್ಳಾಪುರದ ಗಡಸು ನೀರು ರೇಡಿಯೇಟರ್ ನಳಿಗೆಗಳಲ್ಲಿ ಬಿಳಿ ಗಾರೆಯಂತೆ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಬೆರೆಸಿ, ಅಥವಾ ಬೆರೆಸಿಯೇ ಬರುವ ಕೂಲೆಂಟ್ ತನ್ನಿ. ಎರಡು ಬಗೆಯನ್ನು ಒಂದರೊಳಗೊಂದು ಸುರಿಯಬೇಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಗಾಡಿ ಓಡಿರಲಿ ಬಿಡಲಿ, ಏಕೆಂದರೆ ಅದು ಗಾಳಿಯ ತೇವ ಹೀರುತ್ತದೆ.

ಗೇರ್ ಆಯಿಲ್ ಬದಲಿಸುವಾಗ ಮೊದಲು ಬಿಚ್ಚಬೇಕಾದ್ದು ಮೇಲಿನ ತುಂಬುವ ಪ್ಲಗ್, ಕೆಳಗಿನದಲ್ಲ. ತುಕ್ಕು ಹಿಡಿದ ಮೇಲಿನದು ಬಿಚ್ಚದೇ ಹೋದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಗಾಡಿಯನ್ನು ಟೋ ಮಾಡಿಸಬೇಕಾಗುತ್ತದೆ.