ವಸಡಿಗೆ ಬರೀ ಗುಳಿಗೆ ಸಾಕಾ? ನನ್ನ ಅನುಭವ
ವಿಜಯಪುರದಲ್ಲಿ ವಸಡು ಊದಿದರೆ ಜನ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ನೋವಿನ ಗುಳಿಗೆ ನುಂಗುತ್ತಾರೆ, ಊತ ಇಳಿಯುತ್ತದೆ, ಮರೆತುಬಿಡುತ್ತಾರೆ. ಹಲ್ಲಿನ ಡಾಕ್ಟರಾದ ನನ್ನ ಹತ್ತಿರ ಬರುವುದು ಹಲ್ಲು ಅಲುಗಾಡಲು ಶುರುವಾದ ಮೇಲೆ. ಅಷ್ಟರಲ್ಲಿ ದವಡೆ ಮೂಳೆ ಬೇರಿನ ಅರ್ಧಕ್ಕೆ ಇಳಿದಿರುತ್ತದೆ.

ಇಂಡಿ ಕಡೆಯ ರೈತರೊಬ್ಬರು ಹೀಗೇ ಬಂದಿದ್ದರು. ಸಕ್ಕರೆ ಕಾಯಿಲೆ ಬೇರೆ.

"ಡಾಕ್ಟ್ರ, ರೊಟ್ಟಿ ಕಡಿಯಾಕ ಆಗವಲ್ದು. ಒಂದು ಛಲೋ ಗುಳಿಗಿ ಬರದು ಕೊಡ್ರಿ. ಕ್ಲೀನಿಂಗ್ ಒಂದು ಬ್ಯಾಡ, ಹಲ್ಲು ಸಡ್ಲ ಆಕ್ಕಾವಂತ."

ಈ ಮಾತು ಕೇಳದ ವಾರವೇ ಇಲ್ಲ. ಅಳತೆ ಕಡ್ಡಿಯನ್ನು ವಸಡಿನ ಸಂದಿಗೆ ಇಳಿಸಿದೆ. ಆರೋಗ್ಯವಾಗಿದ್ದರೆ 3 ಮಿ.ಮೀ. ಒಳಗೇ ನಿಲ್ಲಬೇಕು. ಕೆಳ ದವಡೆಯಲ್ಲಿ 7ರವರೆಗೂ ಹೋಯಿತು, ಜೊತೆಗೆ ರಕ್ತ, ಕೀವು. ಕನ್ನಡಿ ಹಿಡಿದು ತೋರಿಸಿದೆ. ಹಲ್ಲನ್ನು ಹಿಡಿದಿರುವುದು ಮೂಳೆ, ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡ ಕಪ್ಪು ಪಾಚಿ ಅಲ್ಲ ಅಂತ ಆಗ ಒಪ್ಪಿದರು.

ರೋಗ ಶುರುಮಾಡುವುದು ಬ್ಯಾಕ್ಟೀರಿಯಾ. ಆದರೆ ಮೂಳೆ ಕರಗಿಸುವುದು ಬಹುಪಾಲು ನಮ್ಮ ದೇಹದ ಉರಿಯೂತವೇ. ಸಕ್ಕರೆ ಹೆಚ್ಚಿದ್ದರೆ ಅದೂ ಜಾಸ್ತಿ. ಹಾಗಾದರೆ ಉರಿಯೂತ ತಗ್ಗಿಸುವ ಮಾತ್ರೆ ಕೊಟ್ಟರಾಯಿತು, ಅಲ್ವಾ? 1980ರ ದಶಕದಲ್ಲಿ ಬೀಗಲ್ ನಾಯಿಗಳಿಗೆ ಫ್ಲರ್ಬಿಪ್ರೊಫೆನ್ ಎಂಬ ನೋವಿನ ಮಾತ್ರೆ ಕೊಟ್ಟು ನೋಡಿದರು. ಮೂಳೆ ಕರಗುವುದು ನಿಧಾನವಾಯಿತು. ಆದರೆ ಅಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಏನಾಗಬೇಕು? ಸಕ್ಕರೆ ಇರುವವರಿಗಂತೂ ನಾನು ಬರೆಯುವುದೇ ಇಲ್ಲ.

ನಾನು ಕೆಲವರಿಗೆ ಕೊಡುವುದು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಗುಳಿಗೆ, 20 ಮಿ.ಗ್ರಾಂ., ದಿನಕ್ಕೆ ಎರಡು ಸಲ. ಇಷ್ಟು ಕಡಿಮೆ ಪ್ರಮಾಣ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ವಸಡಿನ ನಾರನ್ನು ಕತ್ತರಿಸುವ ಕೊಲ್ಯಾಜಿನೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ಯುರೋಪಿನ ತಜ್ಞರು ಮಾತ್ರ 2020ರ ಮಾರ್ಗಸೂಚಿಯಲ್ಲಿ ಬೇಡ ಎಂದರು. ಅದಕ್ಕೇ ನಾನು ಎಲ್ಲರಿಗೂ ಬರೆಯುವುದಿಲ್ಲ. ಗರ್ಭಿಣಿಯರಿಗೆ ಕೊಡುವಂತಿಲ್ಲ. ಆಂಟಾಸಿಡ್, ಕ್ಯಾಲ್ಸಿಯಂ ಗುಳಿಗೆಯ ಜೊತೆ ಸೇರಿಸಬಾರದು. ಚರ್ಮಕ್ಕೆ ಬಿಸಿಲು ಬೇಗ ತಟ್ಟುತ್ತದೆ, ನಮ್ಮೂರಿನ ಬಿಸಿಲು ಗೊತ್ತಲ್ಲ, ಹೊಲಕ್ಕೆ ಹೋಗುವವರಿಗೆ ಟವೆಲ್ ಹೊದ್ದುಕೊಳ್ಳಿ ಅಂತ ಹೇಳಲೇಬೇಕು.

ಈ ರೈತರಿಗೆ ಮೊದಲು ಸಕ್ಕರೆ ಡಾಕ್ಟರ ಹತ್ತಿರ ಹೋಗಿ ಬರಲು ಹೇಳಿದೆ. ಆಮೇಲೆ ಮರಗಟ್ಟಿಸಿ, ಬಾಯಿಯ ಒಂದೊಂದೇ ಭಾಗದಲ್ಲಿ ಬೇರಿನ ತನಕ ಕ್ಲೀನಿಂಗ್ ಮಾಡಿದೆ. ಗುಳಿಗೆ ಬರೆದದ್ದು ಅದರ ನಂತರವೇ. ಸಂದಿ ಉಜ್ಜುವ ಸಣ್ಣ ಬ್ರಷ್ ಹಿಡಿಯುವುದನ್ನೂ ಕಲಿಸಿದೆ. ನಿಜ ಹೇಳಬೇಕೆಂದರೆ ಹೆಚ್ಚು ಕೆಲಸ ಮಾಡಿದ್ದು ಕ್ಲೀನಿಂಗ್ ಮತ್ತು ಆ ಬ್ರಷ್ಷೇ. ಗುಳಿಗೆ ಕೈಜೋಡಿಸಿತು, ಅಷ್ಟೆ.

ಮೂರು ತಿಂಗಳಲ್ಲಿ ರಕ್ತ ಬರುವುದು ನಿಂತಿತು. 7 ಇದ್ದ ಕಡೆ 5ಕ್ಕೆ ಬಂತು. ತೀರಾ ಹಿಂದಿನ ಒಂದು ದವಡೆ ಹಲ್ಲು ಉಳಿಯಲಿಲ್ಲ, ಕೀಳಬೇಕಾಯಿತು.

"ಹ್ವಾದ ಎಲಬು ಮತ್ತ ಬೆಳಿತೈತೇನ್ರಿ?"

ಇಲ್ಲ ಎಂದೆ. ಗುಂಡಿ ಬಿದ್ದಂತೆ ಕರಗಿದ್ದರೆ ಆಪರೇಷನ್ ಮಾಡಿ ಮೂಳೆ ಪುಡಿ ತುಂಬಬಹುದಿತ್ತು. ಇವರದು ಉದ್ದಕ್ಕೂ ಸಮನಾಗಿ ಇಳಿದಿತ್ತು. ಈಗ ಗುಳಿಗೆ ನಿಲ್ಲಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಕ್ಲೀನಿಂಗಿಗೆ ಬರುತ್ತಾರೆ. ಬರುವಾಗ ಸಕ್ಕರೆಯ ರಿಪೋರ್ಟ್ ತರದಿದ್ದರೆ ಕುರ್ಚಿ ಹತ್ತಿಸುವುದಿಲ್ಲ ಅಂತ ಹೇಳಿಟ್ಟಿದ್ದೇನೆ.