ಕೇಳಿದ್ದು ಒಂದು, ಬಂದದ್ದು ಎರಡು

ಮಂಗಳೂರಿನ ದಕ್ಕೆಯಿಂದ ತಂದ ಬಂಗುಡೆಯಲ್ಲಿ ನನಗೊಂದು ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತ್ತು. ಮೀನಿನ ಮೈಯಲ್ಲಿ ಅದು ತಾನಾಗಿ ಇರುವಂಥದ್ದಲ್ಲ. ಕೊಳಕು ನೀರು, ಐಸ್, ಮುಟ್ಟಿದ ಕೈ, ಹೀಗೆ ಎಲ್ಲಿಂದಲೋ ಸೇರಿಕೊಳ್ಳುತ್ತದೆ. ಈ ಇ. ಕೋಲಿ ಆ್ಯಂಟಿಬಯೋಟಿಕ್‌ಗಳಾದ ಆಂಪಿಸಿಲಿನ್‌ಗೂ ಟೆಟ್ರಾಸೈಕ್ಲಿನ್‌ಗೂ ಜಗ್ಗುತ್ತಿರಲಿಲ್ಲ. ಆ ತಾಕತ್ತು ಅದರ ಮುಖ್ಯ ಡಿಎನ್‌ಎ ಆದ ಕ್ರೋಮೋಸೋಮಿನಲ್ಲಿದೆಯೋ, ಪ್ಲಾಸ್ಮಿಡ್‌ನಲ್ಲಿದೆಯೋ? ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಹಿಡಿದ ಪ್ರಶ್ನೆ ಇದೇ.

ಪ್ಲಾಸ್ಮಿಡ್ ಅಂದರೆ ಕ್ರೋಮೋಸೋಮಿನ ಹೊರಗೆ ತನ್ನ ಪಾಡಿಗೆ ನಕಲಾಗುವ ಡಿಎನ್‌ಎ. ಹೆಚ್ಚಾಗಿ ಬಳೆಯ ಹಾಗೆ ದುಂಡಗಿರುತ್ತದೆ. ಜೋಶುವಾ ಲೆಡರ್‌ಬರ್ಗ್ 1952ರಲ್ಲಿ ಈ ಹೆಸರು ಕೊಟ್ಟರು. ಕೆಲವು ಪ್ಲಾಸ್ಮಿಡ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ.

ದಾಟುತ್ತದೆಯೋ ನೋಡಲು ಜೆ53 ಎಂಬ ಇ. ಕೋಲಿಯ ಲ್ಯಾಬ್ ತಳಿ ತೆಗೆದುಕೊಂಡೆ. ಅದು ಸೋಡಿಯಂ ಅಜೈಡ್ ಎಂಬ ವಿಷವನ್ನು ತಡೆದುಕೊಳ್ಳುತ್ತದೆ, ಆಂಪಿಸಿಲಿನ್‌ಗೆ ಸಾಯುತ್ತದೆ. ಮೀನಿನದ್ದು ಇದಕ್ಕೆ ತದ್ವಿರುದ್ಧ. ಅಜೈಡ್, ಆಂಪಿಸಿಲಿನ್ ಎರಡೂ ಹಾಕಿದ ಪ್ಲೇಟಿನಲ್ಲಿ (ಅಗರ್ ಹಾಕಿ ಗಟ್ಟಿ ಮಾಡಿದ ಆಹಾರದ ತಟ್ಟೆ) ಬೆಳೆಯಬೇಕಾದರೆ ಜೆ53ಗೆ ಪ್ಲಾಸ್ಮಿಡ್ ಸಿಕ್ಕಿರಬೇಕು.

ಮೊದಲ ಸಲ ಎರಡು ತಳಿಗಳನ್ನೂ ದ್ರವ ಆಹಾರವಾದ ಬ್ರಾತ್‌ನಲ್ಲಿ ಬೆರೆಸಿ ರಾತ್ರಿಯಿಡೀ ಶೇಕರ್‌ನಲ್ಲಿಟ್ಟೆ. ಏನೂ ಬರಲಿಲ್ಲ. ಇನ್ನೆರಡು ಸಲ ಮಾಡಿದರೂ ಅಷ್ಟೇ. "ಹಾಗೆ ಕುಲುಕಿದರೆ ಹೇಗಮ್ಮ? ಅವು ಅಂಟಿಕೊಂಡು ಕೂರಬೇಕಲ್ವಾ?" ಅಂದರು ನಮ್ಮ ಮೇಡಂ. ಪೈಲಸ್ ಎಂಬ ಸಣ್ಣ ಎಳೆಯಿಂದ ಒಂದು ಇನ್ನೊಂದನ್ನು ಹಿಡಿಯುತ್ತದೆ. ಕೆಲವು ಪ್ಲಾಸ್ಮಿಡ್‌ಗಳ ಪೈಲಸ್ ಗಡುಸಾಗಿರುತ್ತದೆ. ನೀರಿನಲ್ಲಿ ಅಲುಗಾಡಿದರೆ ಆ ಜೋಡಿ ನಿಲ್ಲುವುದಿಲ್ಲ. ಮುಂದಿನ ಸಲ 0.45 ಮೈಕ್ರಾನ್ ಫಿಲ್ಟರಿನ ಮೇಲೆ ಎರಡನ್ನೂ ಸೇರಿಸಿ, ಅಗರ್ ಮೇಲಿಟ್ಟು, 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಟ್ಟೆ. ಮರುದಿನ ತೊಳೆದು ಅಜೈಡ್, ಆಂಪಿಸಿಲಿನ್ ಎರಡೂ ಇರುವ ಪ್ಲೇಟಿಗೆ ಹಚ್ಚಿದೆ. ಕಾಲೊನಿ, ಅಂದರೆ ಬ್ಯಾಕ್ಟೀರಿಯಾದ ಚುಕ್ಕೆ, ಬಂತು!

ಮೀನಿನದ್ದು ಮಾತ್ರ, ಜೆ53 ಮಾತ್ರ ಹಾಕಿದ ಎರಡು ಪ್ಲೇಟ್ ಖಾಲಿ ಇದ್ದವು. ಈ ಎರಡನ್ನು ದಯವಿಟ್ಟು ಬಿಡಬೇಡಿ. ಇಲ್ಲದಿದ್ದರೆ ಬಂದದ್ದು ಬರೀ ಮ್ಯುಟೇಶನ್ನೋ (ಡಿಎನ್‌ಎಯಲ್ಲಿ ತಾನಾಗಿ ಆದ ಬದಲಾವಣೆ) ಏನೋ ಗೊತ್ತಾಗುವುದಿಲ್ಲ. ಆಂಪಿಸಿಲಿನ್ ಪ್ಲೇಟನ್ನು ಜಾಸ್ತಿ ಹೊತ್ತು ಇಡಲೂಬೇಡಿ. ಕಾಲೊನಿ ಬಿಡುವ ಕಿಣ್ವ ಸುತ್ತಲಿನ ಔಷಧವನ್ನು ಮುರಿದು, ಪಕ್ಕದಲ್ಲಿ ಪುಟ್ಟ ಸುಳ್ಳು ಕಾಲೊನಿಗಳು ಏಳುತ್ತವೆ.

ಆಮೇಲೆ ಸುಮ್ನೆ ಒಂದು ನೋಡೋಣ ಅಂತ, ಬಂದ ಕಾಲೊನಿಗಳನ್ನು ಕಡ್ಡಿಯಲ್ಲಿ ತೆಗೆದು ಟೆಟ್ರಾಸೈಕ್ಲಿನ್ ಪ್ಲೇಟಿಗೆ ಚುಚ್ಚಿದೆ. ಅಲ್ಲೂ ಬೆಳೆದವು. ನಾನು ಆರಿಸಿದ್ದು ಆಂಪಿಸಿಲಿನ್ ಒಂದರಿಂದ, ಟೆಟ್ರಾಸೈಕ್ಲಿನ್ ಎಲ್ಲೂ ಹಾಕಿರಲಿಲ್ಲ. ಆ ಬೆಳಿಗ್ಗೆ ಪ್ಲೇಟ್ ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದೆ. ಒಂದೊಂದೇ ಮ್ಯುಟೇಶನ್ನಿಗೆ ಕಾಯಬೇಕಾದ ಕೆಲಸ ಒಂದೇ ರಾತ್ರಿಯಲ್ಲಿ, ಗಂಟು ಸಮೇತ ಆಗಿಹೋಗಿತ್ತು. ತಾಯಿ ಜೀವಕೋಶದಿಂದಲ್ಲ, ಪಕ್ಕದ ಮನೆಯಿಂದ. 1950ರ ದಶಕದಲ್ಲಿ ಜಪಾನಿನ ಆಮಶಂಕೆ ರೋಗಿಗಳ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಒಟ್ಟಿಗೇ ನಾಲ್ಕು ಔಷಧಗಳಿಗೆ ಜಗ್ಗದೆ ನಿಂತದ್ದೂ ಹೀಗೆಯೇ. ಆ ಗುಣ ಇ. ಕೋಲಿಯಿಂದ ಶಿಗೆಲ್ಲಾಗೆ ದಾಟುತ್ತದೆ ಎಂದು ಅಲ್ಲಿನವರು 1959ರಲ್ಲಿ ತೋರಿಸಿದರು.

ಔಷಧ ಇಲ್ಲದಿದ್ದರೆ ಜೆ53 ಪ್ಲಾಸ್ಮಿಡ್ ಎಂಬ ಈ ಹೊರೆಯನ್ನು ಬಿಸಾಡುತ್ತದೆ ಅಂದುಕೊಂಡಿದ್ದೆ. ಬರೀ ಬ್ರಾತ್‌ನಲ್ಲಿ ಹತ್ತು ದಿನ ಬೆಳೆಸಿದೆ, ದಿನಾ ಸಾವಿರಕ್ಕೊಂದು ಪಾಲು ಹೊಸ ಬ್ರಾತ್‌ಗೆ. ಅಂದರೆ ಸುಮಾರು 100 ತಲೆಮಾರು. ಕೊನೆಗೂ ಹೆಚ್ಚಿನ ಕಾಲೊನಿಗಳಲ್ಲಿ ಎರಡೂ ಗುಣ ಉಳಿದಿದ್ದವು. ಎಷ್ಟೋ ಪ್ಲಾಸ್ಮಿಡ್‌ಗಳು ವಿಷ ಮತ್ತು ಅದಕ್ಕೆ ಮದ್ದು ಎರಡನ್ನೂ ತಾವೇ ಮಾಡಿಸುತ್ತವೆ. ಮದ್ದು ಬೇಗ ಕರಗುತ್ತದೆ, ವಿಷ ಉಳಿಯುತ್ತದೆ. ಪ್ಲಾಸ್ಮಿಡ್ ಕಳೆದುಕೊಂಡ ಮರಿ ಸಾಯುತ್ತದೆ, ಇಲ್ಲವೇ ಬೆಳೆಯದೆ ನಿಲ್ಲುತ್ತದೆ. ನನ್ನದರಲ್ಲಿ ಅದೇ ಇದೆಯೋ ನೋಡಲು ಈಗ ಪ್ಲಾಸ್ಮಿಡ್ ಬೇರ್ಪಡಿಸಿ, ಡಿಎನ್‌ಎ ಅಕ್ಷರ ಓದುವ ಸೀಕ್ವೆನ್ಸಿಂಗಿಗೆ ಕಳಿಸಿದ್ದೇನೆ. ಪ್ಲೇಟುಗಳನ್ನೆಲ್ಲ 121 ಡಿಗ್ರಿಯಲ್ಲಿ, ಒತ್ತಡದ ಹಬೆಯಲ್ಲಿ ಆಟೋಕ್ಲೇವ್ ಮಾಡಿಯೇ ಹೊರಗೆ ಹಾಕಿದೆ.